ಹಾಫ್ಕಿನ್ ಮಹಾಶಯನೂ ರೋಗಾಣುಗಳ ವಂಶಾವಳಿಯೂ

ಮುಂಬಯಿಯ ಪರೇಲಿನಲ್ಲಿ ಒಂದು ಕಾಲಕ್ಕೆ ಗವರ್ನರರ ನಿವಾಸವಾಗಿದ್ದ ಹಳೆಯ ಭವನವೊಂದಿದೆ. ಅದರ ಮೇಲಿರುವ ಹೆಸರು ಯಾವ ಗವರ್ನರನದೂ ಅಲ್ಲ. ರಷ್ಯಾ ಸಾಮ್ರಾಜ್ಯದ ಒಡೆಸ್ಸಾ ಪಟ್ಟಣದಲ್ಲಿ ಹುಟ್ಟಿದ ಯೆಹೂದ್ಯನೊಬ್ಬನದು. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಜನರು ಬೀದಿ, ಚೌಕ, ಆಸ್ಪತ್ರೆಗಳ ಮೇಲಿದ್ದ ಪರಕೀಯರ ಹೆಸರುಗಳನ್ನು ಒಂದೊಂದಾಗಿ ಅಳಿಸುತ್ತ ಬಂದರು. ಅದು ನ್ಯಾಯವೇ ಸರಿ. ಆದರೆ ವಾಲ್ಡೆಮಾರ್ ಹಾಫ್ಕಿನ್ ಎಂಬ ಹೆಸರು ಅಲ್ಲಿಯೇ ಉಳಿಯಿತು. ಉಳಿದುದು ಮಾತ್ರವಲ್ಲ, ೧೯೬೪ರಲ್ಲಿ ಸ್ವತಂತ್ರ ಭಾರತದ ಸರ್ಕಾರವು ಆತನ ಚಿತ್ರವುಳ್ಳ ಅಂಚೆಚೀಟಿಯನ್ನೂ ಹೊರಡಿಸಿತು. ಪರದೇಶೀಯನೊಬ್ಬನ ವಿಷಯದಲ್ಲಿ ನಮ್ಮ ದೇಶವು ಇಷ್ಟು ಆದರವನ್ನಿಟ್ಟುಕೊಂಡುದಕ್ಕೆ ಕಾರಣವೇನೆಂಬುದನ್ನು ಓದುಗರ ಮುಂದಿಡಬೇಕೆಂದು ನಾವು ಬಹುಕಾಲದಿಂದ ಯೋಚಿಸುತ್ತಿದ್ದೆವು. ಅಲ್ಲದೆ, ಈಚಿನ ಕೆಲವು ದಶಕಗಳಲ್ಲಿ ರೋಗಾಣುಗಳ ವಂಶವಾಹಿಗಳನ್ನು ಅಕ್ಷರಕ್ಷರವಾಗಿ ಓದುವ ವಿದ್ಯೆಯು ಬೆಳೆದಿರುವುದರಿಂದ, ಹಾಫ್ಕಿನ್ನನು ಯಾವ ಶತ್ರುಗಳೊಡನೆ ಸೆಣಸಿದನೋ ಅವುಗಳ ಕುಲಗೋತ್ರಗಳು ಆತನಿಗೆ ತಿಳಿಯದಿದ್ದರೂ ನಮಗೆ ತಿಳಿದುಬಂದಿವೆ. ಆ ಬಾಳನ್ನೂ ಈ ತಿಳಿವಳಿಕೆಯನ್ನೂ ಒಟ್ಟಿಗೆ ನೋಡಿದರೆ ಎರಡಕ್ಕೂ ಬೆಳಕು ಬೀಳುವುದೆಂದು ನಮ್ಮ ಭಾವನೆ.

ಹಾಫ್ಕಿನ್ನನು ಹುಟ್ಟಿದುದು ೧೮೬೦ನೆಯ ಇಸವಿ ಮಾರ್ಚ್ ತಿಂಗಳಲ್ಲಿ. ಒಡೆಸ್ಸಾದ ವಿಶ್ವವಿದ್ಯಾಲಯದಲ್ಲಿ ಆತನಿಗೆ ಪ್ರಾಣಿಶಾಸ್ತ್ರವನ್ನು ಕಲಿಸಿದವನು ಇಲ್ಯಾ ಮೆಚ್ನಿಕಾಫ್. ರಕ್ತದ ಬಿಳಿಯ ಕಣಗಳು ರೋಗಾಣುಗಳನ್ನು ನುಂಗುವುವೆಂದು ತೋರಿಸಿ, ೧೯೦೮ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಆಚಾರ್ಯನು. ಆಗ ರಷ್ಯಾದಲ್ಲಿ ಜಾರನ ನಿರಂಕುಶ ಪ್ರಭುತ್ವವಿತ್ತು. ಅದನ್ನು ಉರುಳಿಸಬೇಕೆಂಬ ಗುಪ್ತ ಸಂಘದವರೊಡನೆ ಈ ತರುಣನು ಸೇರಿದನು. ೧೮೮೧ರಲ್ಲಿ ಒಡೆಸ್ಸಾದ ಯೆಹೂದ್ಯರ ಕೇರಿಗಳ ಮೇಲೆ ಪುಂಡರು ಬಿದ್ದಾಗ, ತನ್ನವರನ್ನು ಕಾಯಲು ನಿಂತವರಲ್ಲಿ ಆತನೂ ಒಬ್ಬನಾಗಿದ್ದು, ಪೆಟ್ಟು ತಿಂದು, ಪೊಲೀಸರ ಕೈಗೂ ಸಿಕ್ಕಿದನು. ಗುರುವು ನಡುವೆ ಬಂದು ಬಿಡಿಸಿಕೊಂಡನು. ಕ್ರೈಸ್ತ ಮತಕ್ಕೆ ಸೇರಿದ್ದರೆ ಆತನಿಗೆ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕ ಪದವಿಯು ದೊರೆಯುತ್ತಿತ್ತು. ಸೇರಲೊಲ್ಲೆನೆಂದುದರಿಂದ ಪ್ರಾಣಿಶಾಸ್ತ್ರದ ವಸ್ತುಸಂಗ್ರಹಾಲಯವೊಂದರಲ್ಲಿ ಸಣ್ಣ ಕೆಲಸವು ಪಾಲಿಗೆ ಬಂದಿತು. ೧೮೮೮ರಲ್ಲಿ ಆತನು ಸ್ವದೇಶವನ್ನು ಬಿಟ್ಟು ಜಿನೀವಾಕ್ಕೂ ಮರುವರ್ಷ ಪ್ಯಾರಿಸಿಗೂ ಹೋದನು. ಅಲ್ಲಿ ಲೂಯಿ ಪಾಸ್ಟರನ ಸಂಸ್ಥೆಯಲ್ಲಿ ತೆರವಾಗಿದ್ದುದು ಪುಸ್ತಕಭಂಡಾರದ ಕೆಲಸವೊಂದೇ. ಅದನ್ನೇ ಒಪ್ಪಿಕೊಂಡು, ಬಿಡುವಿನ ಹೊತ್ತಿನಲ್ಲಿ ಪ್ರಯೋಗಶಾಲೆಯ ಮೂಲೆಯಲ್ಲಿ ದುಡಿಯುತ್ತ, ಬೇಸರವಾದರೆ ಪಿಟೀಲು ನುಡಿಸಿಕೊಳ್ಳುತ್ತ ಕಾಲಹರಣ ಮಾಡಿದನು. ಪುಸ್ತಕಗಳ ಧೂಳು ಕೊಡಹುತ್ತಿದ್ದ ಈ ಮನುಷ್ಯನು ನಾಲ್ಕೈದು ವರ್ಷಗಳಲ್ಲಿ ಕಲಕತ್ತೆಯ ಕೇರಿಗಳನ್ನು ತಿರುಗುವನೆಂದು ಅಂದು ಯಾರು ತಾನೇ ಊಹಿಸಿದ್ದರು?

ಆತನು ಕೈಗೆತ್ತಿಕೊಂಡುದು ವಾಂತಿಭೇದಿಯ ರೋಗಾಣುವನ್ನು. ಜರ್ಮನಿಯ ರಾಬರ್ಟ್ ಕಾಕ್ ಎಂಬ ಪಂಡಿತನು ಕಲಕತ್ತೆಗೆ ಬಂದು, ೧೮೮೪ರಲ್ಲಿ ಅಲ್ಲಿಯ ರೋಗಿಗಳಲ್ಲಿಯೂ ಕೆರೆಯ ನೀರಿನಲ್ಲಿಯೂ ಅಲ್ಪವಿರಾಮದ ಚಿಹ್ನೆಯಂತೆ ಬಾಗಿದ ಈ ಕ್ರಿಮಿಯನ್ನು ಕಂಡಿದ್ದನು. ಕಂಡುದರಿಂದ ಸಾಯುವವರ ಸಂಖ್ಯೆಯೇನೂ ತಗ್ಗಲಿಲ್ಲ. ಅದನ್ನು ಪಳಗಿಸಿ ರಕ್ಷಣೆಗೆ ಬಳಸುವ ಬಗೆ ಬೇಕಾಗಿತ್ತು.

ಇಲ್ಲಿ ಒಂದು ಸಂಗತಿಯನ್ನು ವಿಶದಪಡಿಸಬೇಕು. ರೋಗಾಣುವೆಂದರೆ ಕಬ್ಬಿಣದ ಮೊಳೆಯಂತೆ ಎಂದೆಂದಿಗೂ ಒಂದೇ ಸ್ವರೂಪದಲ್ಲಿರುವ ವಸ್ತುವೆಂದು ಅನೇಕರು ತಿಳಿದಿರುತ್ತಾರೆ. ಹಾಗಲ್ಲ. ಅದೊಂದು ಬೆಳೆ, ಅದರಲ್ಲಿಯೂ ತಳಿಗಳಿವೆ. ಅನುಕೂಲವಾದ ಸ್ಥಿತಿಯಲ್ಲಿ ವಾಂತಿಭೇದಿಯ ಕ್ರಿಮಿಯು ಅರ್ಧ ಗಂಟೆಯೊಳಗೆ ಇಬ್ಭಾಗವಾಗಿ ಎರಡಾಗುತ್ತದೆ. ಒಂದು ದಿನದಲ್ಲಿ ಅದರ ಸಂತಾನವನ್ನು ಎಣಿಸುವುದು ಅಸಾಧ್ಯ. ಇಷ್ಟು ಸಂತಾನದಲ್ಲಿ ಅಲ್ಲೊಂದು ಇಲ್ಲೊಂದು ಕ್ರಿಮಿಯ ವಂಶವಾಹಿಯಲ್ಲಿ, ನಕಲು ಬರೆಯುವ ಗುಮಾಸ್ತನ ಕೈತಪ್ಪಿನಂತೆ, ಒಂದು ಅಕ್ಷರವು ಬದಲಾಗುತ್ತದೆ. ಬಹುಪಾಲು ತಪ್ಪುಗಳು ನಿರರ್ಥಕ. ಆದರೆ ಯಾವುದೋ ಒಂದು ಬದಲಾವಣೆಯಿಂದ ಇದ್ದ ಸ್ಥಳದಲ್ಲಿ ಬದುಕುವುದು ಸುಲಭವಾದರೆ, ಆ ಕ್ರಿಮಿಯ ವಂಶವೇ ಉಳಿದವುಗಳನ್ನು ಹಿಂದೆ ಹಾಕಿ ತುಂಬಿಕೊಳ್ಳುತ್ತದೆ. ನಮ್ಮ ರೈತನು ಪ್ರತಿವರ್ಷವೂ ತುಂಬಿದ ತೆನೆಯನ್ನೇ ಆರಿಸಿ ಬಿತ್ತನೆಗೆ ಇಟ್ಟುಕೊಂಡು ತಳಿಯನ್ನು ಉತ್ತಮಪಡಿಸುವುದಿಲ್ಲವೆ? ಇಲ್ಲಿ ಆರಿಸುವ ಕೆಲಸವನ್ನು ರೋಗಿಯ ಶರೀರವೇ ಮಾಡುತ್ತದೆ.

ವಂಶವಾಹಿಯ ಶಾಸ್ತ್ರವು ಆಗ ಹುಟ್ಟಿರಲಿಲ್ಲ. ಆದರೆ ಪಾಸ್ಟರನ ಶಿಷ್ಯರಿಗೆ ಈ ಕ್ರಮವು ಅನುಭವದಿಂದ ಗೊತ್ತಿತ್ತು. ಹಾಫ್ಕಿನ್ನನು ಕ್ರಿಮಿಗಳನ್ನು ಗಿನೀಪಿಗ್ ಎಂಬ ಸಣ್ಣ ಪ್ರಾಣಿಯ ಹೊಟ್ಟೆಯ ಪೊರೆಯೊಳಕ್ಕೆ ಹೊಗಿಸಿ, ಅದು ಸತ್ತ ಮೇಲೆ ಅಲ್ಲಿಯ ದ್ರವವನ್ನು ಕೆಲವು ಗಂಟೆಗಳ ಕಾಲ ಗಾಳಿಗಿಟ್ಟು ಮತ್ತೊಂದು ಪ್ರಾಣಿಗೆ ಹೊಗಿಸಿ, ಹೀಗೆ ಒಂದರಿಂದೊಂದಕ್ಕೆ ದಾಟಿಸುತ್ತ ಹೋದನು. ದಾಟಿದ ಹಾಗೆಲ್ಲ ಕ್ರಿಮಿಯು ಉಗ್ರವಾಗುತ್ತ ಬಂದಿತು. ಮೂವತ್ತೊಂಬತ್ತನೆಯ ಸಲಕ್ಕೆ ಅದರ ಬಲವು ಮೊದಲಿನದರ ಹಲವು ಮಡಿಯಾಗಿ ಸ್ಥಿರಪಟ್ಟಿತು. ಇನ್ನೊಂದು ಕಡೆ ಅದೇ ಕ್ರಿಮಿಯನ್ನು ೩೯ ಡಿಗ್ರಿ ಉಷ್ಣದಲ್ಲಿ ಗಾಳಿಯಾಡುವಂತೆ ಬೆಳೆಯಿಸಿ ದುರ್ಬಲವಾದ ತಳಿಯೊಂದನ್ನು ಪಡೆದನು. ಮೊದಲು ದುರ್ಬಲವಾದುದನ್ನು ಚುಚ್ಚಿ, ಕೆಲವು ದಿನಗಳ ತರುವಾಯ ಉಗ್ರವಾದುದನ್ನು ಚುಚ್ಚಿದರೆ ಪ್ರಾಣಿಗಳು ರೋಗಕ್ಕೆ ಬಗ್ಗದೆ ನಿಲ್ಲುತ್ತಿದ್ದುವು. ಮನುಷ್ಯರಿಗೆ? ೧೮೯೨ನೆಯ ಇಸವಿ ಜುಲೈ ೧೮ರಂದು ಆತನು ಮದ್ದನ್ನು ತನ್ನ ಮೈಗೇ ಚುಚ್ಚಿಕೊಂಡನು. ಜ್ವರ ಬಂದಿತು, ನೋವಾಯಿತು, ವಾಸಿಯಾಯಿತು. ಆಮೇಲೆ ಕೆಲವರು ಸ್ನೇಹಿತರಿಗೆ ಹಾಕಿ, ತಿಂಗಳು ಮುಗಿಯುವುದರೊಳಗೆ ವಿದ್ವಾಂಸರ ಸಭೆಯ ಮುಂದೆ ವರದಿಯನ್ನೊಪ್ಪಿಸಿದನು. ಇತರರ ಮೇಲೆ ಪ್ರಯೋಗ ಮಾಡುವುದಕ್ಕೆ ಮುಂಚೆ ತನ್ನ ಮೇಲೆ ಮಾಡಿಕೊಳ್ಳುವ ಈ ವ್ರತವನ್ನು ಆತನು ಮುಂದೆಯೂ ಬಿಡಲಿಲ್ಲ.

ರಷ್ಯಾ ದೇಶವು ಆತನ ಮದ್ದನ್ನು ಬೇಡವೆಂದಿತು. ಆಗ ಪ್ಯಾರಿಸಿನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದವನು ಹಿಂದೆ ನಮ್ಮಲ್ಲಿ ವೈಸರಾಯಿಯಾಗಿದ್ದ ಡಫರಿನ್ ಪ್ರಭು. ವಾಂತಿಭೇದಿಯ ತವರು ಬಂಗಾಳವೇ ಆಗಿರುವುದರಿಂದ ಅಲ್ಲಿಗೆ ಹೋಗುವುದು ಲೇಸೆಂದು ಆತನು ಹೇಳಿ ಅನುಕೂಲ ಮಾಡಿಕೊಟ್ಟನು. ೧೮೯೩ರ ಮಾರ್ಚಿನಲ್ಲಿ ಹಾಫ್ಕಿನ್ನನು ಕಲಕತ್ತೆಯಲ್ಲಿ ಇಳಿದನು. ವೈದ್ಯನಲ್ಲ, ಆಂಗ್ಲನಲ್ಲ, ಕ್ರೈಸ್ತನಲ್ಲ, ಮೇಲಾಗಿ ರಷ್ಯಾದವನು. ಇಂಡಿಯನ್ ಮೆಡಿಕಲ್ ಸರ್ವೀಸಿನ ಅಧಿಕಾರಿಗಳಿಗೆ ಆತನನ್ನು ಸಂಶಯದಿಂದ ನೋಡಲು ಇದಕ್ಕಿಂತ ಹೆಚ್ಚಿನ ಕಾರಣ ಬೇಕಿರಲಿಲ್ಲ. ಸಂಬಳವೂ ಇಲ್ಲದೆ ಆತನು ಆಗ್ರಾದಿಂದ ಮೊದಲುಮಾಡಿ ಉತ್ತರ ದೇಶವನ್ನೆಲ್ಲ ಸುತ್ತಿ, ಮನಃಪೂರ್ವಕವಾಗಿ ಬಂದವರಿಗೆ ಮಾತ್ರ ಮದ್ದು ಹಾಕಿದನು. ಸುಮಾರು ಎರಡೂವರೆ ವರ್ಷಗಳಲ್ಲಿ ಹಾಕಿಸಿಕೊಂಡವರು ೪೦,೦೦೦ಕ್ಕೂ ಮೇಲ್ಪಟ್ಟು.

ಈ ಅವಧಿಯ ಒಂದು ಪ್ರಸಂಗವು ಬಹಳ ಮುಖ್ಯವಾದುದು. ೧೮೯೪ರ ಮಾರ್ಚಿನಲ್ಲಿ ಕಲಕತ್ತೆಯ ಕಟ್ಟಾಲ ಬಾಗಾನ್ ಎಂಬ ಬಡವರ ಕೇರಿಯಲ್ಲಿ ರೋಗವು ಕಾಣಿಸಿತು. ಸುಮಾರು ಇನ್ನೂರು ಜನರಿದ್ದ ಆ ಕೇರಿಯಲ್ಲಿ ೧೧೬ ಮಂದಿ ಚುಚ್ಚಿಸಿಕೊಂಡರು. ಆಮೇಲೆ ಅಲ್ಲಿ ರೋಗ ಬಿದ್ದವರೆಲ್ಲ ಚುಚ್ಚಿಸಿಕೊಳ್ಳದವರೇ. ಒಂದೇ ಕೇರಿ, ಒಂದೇ ಕೆರೆಯ ನೀರು, ಒಂದೇ ಊಟ. ಭೇದವು ಸೂಜಿಯೊಂದರಲ್ಲಿ ಮಾತ್ರ. ಆತನಿಗೆ ನೆರವಾಗಿ ನಿಂತವರು ಚೌಧರಿ, ಘೋಷ್, ಚಟರ್ಜಿ, ದತ್ತ ಎಂಬ ಬಂಗಾಳಿ ವೈದ್ಯರು. ಕೇರಿಯವರು ಮೊದಲು ಕಲ್ಲು ತೂರಿದುದೂ ಉಂಟು. ಈ ವೈದ್ಯರು ಜನರ ಕಣ್ಣೆದುರಿನಲ್ಲಿಯೇ ತಾವು ಚುಚ್ಚಿಸಿಕೊಂಡು ಭಯವನ್ನು ಕಳೆದರು. ಈ ದೇಶೀಯರ ಹೆಸರುಗಳನ್ನು ಕಟ್ಟಡಗಳ ಮೇಲೆ ಕೆತ್ತಿಲ್ಲವೆಂಬುದನ್ನು ಇಲ್ಲಿ ಸೂಚಿಸದಿರಲಾರೆವು.

ಹಾಫ್ಕಿನ್ನನು ಉಗ್ರಗೊಳಿಸಿದ ತಳಿಗೆ ಆ ಉಗ್ರತೆ ಎಲ್ಲಿಂದ ಬಂದಿತು? ಕಲಕತ್ತೆಯ ಶಂಭುನಾಥ ಡೇ ಎಂಬ ವಿಜ್ಞಾನಿಯು ೧೯೫೯ರಲ್ಲಿ, ಈ ಕ್ರಿಮಿಯು ಕೊಲ್ಲುವುದು ತಾನು ಸ್ರವಿಸುವ ವಿಷದಿಂದ ಎಂದು ತೋರಿಸಿದನು. ಆ ವಿಷದ ವಂಶವಾಹಿಯಾದರೋ ಕ್ರಿಮಿಯ ಪಿತ್ರಾರ್ಜಿತ ಆಸ್ತಿಯಲ್ಲ, ಅದು ಎರವಲು. ಕ್ರಿಮಿಗಳನ್ನೇ ಹಿಡಿಯುವ ವೈರಾಣುವೊಂದು ತನ್ನೊಡನೆ ಅದನ್ನು ಹೊತ್ತುತಂದು ಕ್ರಿಮಿಯ ಒಡಲಿನಲ್ಲಿ ಸೇರಿಸುತ್ತದೆಂದು ೧೯೯೬ರಲ್ಲಿ ತಿಳಿದುಬಂದಿತು. ವೈರಾಣು ಸೇರದ ಕ್ರಿಮಿಗಳು ನದೀಮುಖಗಳ ಉಪ್ಪುನೀರಿನಲ್ಲಿ ಯಾರ ಗೊಡವೆಗೂ ಹೋಗದೆ ಬದುಕಿಕೊಂಡಿವೆ. ಇನ್ನೂ ವಿಚಿತ್ರವೆಂದರೆ, ಆ ಕಾಲದ ತಳಿಯೇ ಈಗ ಲುಪ್ತಪ್ರಾಯವಾಗಿದೆ. ೧೯೦೫ರಲ್ಲಿ ಸಿನಾಯ್ ಪ್ರಾಂತದ ಎಲ್ ಟಾರ್ ಎಂಬ ತಡೆಠಾಣೆಯಲ್ಲಿ ಮೊದಲು ಕಂಡ ಬೇರೊಂದು ತಳಿಯು ೧೯೬೧ರಲ್ಲಿ ಇಂಡೋನೇಷಿಯದ ಸುಲಾವೇಸಿ ದ್ವೀಪದಿಂದ ಹೊರಟು, ೧೯೬೪ರ ಹೊತ್ತಿಗೆ ನಮ್ಮ ದೇಶಕ್ಕೆ ಬಂದು, ಹಳೆಯದನ್ನು ಅದರ ತವರಿನಿಂದಲೇ ಓಡಿಸಿತು. ಈ ಹೊಸ ತಳಿಯು ಅನೇಕರಲ್ಲಿ ರೋಗವನ್ನು ತೋರಗೊಡದೆ ಅವರೊಡನೆಯೇ ಪ್ರಯಾಣ ಮಾಡಬಲ್ಲದು. ಹಳೆಯದು ಹೋಗಲಾರದ ದೂರಕ್ಕೆ ಇದು ಹೋಗುವುದಕ್ಕೆ ಇದೊಂದು ಕಾರಣ. ದೇಶದೇಶಗಳಿಂದ ಕೂಡಿಹಾಕಿದ ಕ್ರಿಮಿಗಳ ವಂಶಾವಳಿಯನ್ನು ೨೦೧೧ರಲ್ಲಿ ಓದಿ ನೋಡಿದಾಗ, ಬಂಗಾಳ ಕೊಲ್ಲಿಯ ಸುತ್ತಿನಿಂದ ಇದು ಮೂರು ಅಲೆಗಳಾಗಿ ಲೋಕದ ಮೇಲೆ ಹಬ್ಬಿದುದು ಕಂಡುಬಂದಿತು.

ಹಾಫ್ಕಿನ್ನನ ಕಥೆಗೆ ಮರಳೋಣ. ೧೮೯೬ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಅಕಾಸಿಯೋ ವೀಗಸ್ ಎಂಬ ವೈದ್ಯನು ಪ್ಲೇಗನ್ನು ಗುರುತಿಸಿದನು. ಎರಡು ವರ್ಷಗಳ ಹಿಂದೆ, ೧೮೯೪ರಲ್ಲಿ, ಹಾಂಗ್‌ಕಾಂಗಿನಲ್ಲಿ ಈ ವ್ಯಾಧಿಯು ಹಬ್ಬಿದ್ದಾಗ ಪಾಸ್ಟರನ ಸಂಸ್ಥೆಯವನೇ ಆದ ಯೆರ್ಸಿನನು ಅದರ ಕ್ರಿಮಿಯನ್ನು ಹಿಡಿದಿದ್ದನು. ಚೀನ ದೇಶದ ಯುನ್ನಾನ್ ಪ್ರಾಂತದಿಂದ ಹಾಂಗ್‌ಕಾಂಗಿಗೂ, ಅಲ್ಲಿಂದ ಹಡಗಿನ ಇಲಿಗಳೊಡನೆ ಮುಂಬಯಿಗೂ ಅದು ಬಂದಿತೆಂದು ಅಂದಿನವರು ಊಹಿಸಿದ್ದರು. ೨೦೧೦ರಲ್ಲಿ ವಂಶವಾಹಿಗಳನ್ನು ಹೋಲಿಸಿ ನೋಡಿದ ವಿದ್ವಾಂಸರಿಗೂ ಅದೇ ದಾರಿ ಕಂಡಿತು: ಚೀನದಲ್ಲಿ ಬೇರು, ಅಲ್ಲಿಂದ ಹೊರಟ ಒಂದೇ ಒಂದು ಕೊಂಬೆ, ಆ ಕೊಂಬೆಯಿಂದ ಇಂಡಿಯಾ, ಮಡಗಾಸ್ಕರ್, ಹವಾಯಿ, ಕ್ಯಾಲಿಫೋರ್ನಿಯಾಗಳಿಗೆ ಹೋದ ಟಿಸಿಲುಗಳು. ಉಗಿಹಡಗುಗಳಿಲ್ಲದಿದ್ದರೆ ಇಷ್ಟು ಬೇಗನೆ ಇಷ್ಟು ದೂರ ಹಬ್ಬುವುದು ಆ ಕ್ರಿಮಿಯ ಶಕ್ತಿಗೆ ಮೀರಿದುದಾಗಿತ್ತು. ಸಾಮ್ರಾಜ್ಯದ ವ್ಯಾಪಾರವು ಯಾವ ಯಾವ ಸರಕನ್ನು ಸಾಗಿಸಿತೆಂಬ ಲೆಕ್ಕದಲ್ಲಿ ಇದನ್ನೂ ಬರೆದುಕೊಳ್ಳಬೇಕು.

ಪ್ಲೇಗಿನ ಕ್ರಿಮಿಯ ಪೂರ್ವಜನಾದರೂ ಅಷ್ಟೇನೂ ಭಯಂಕರನಲ್ಲ. ಹೊಟ್ಟೆನೋವನ್ನೂ ಜ್ವರವನ್ನೂ ತರುವ ಒಂದು ಸಾಧಾರಣ ಕ್ರಿಮಿಯಿಂದ ಅದು ಕೆಲವು ಸಾವಿರ ವರ್ಷಗಳ ಹಿಂದೆ ಕವಲೊಡೆಯಿತು. ಐದು ಸಾವಿರ ವರ್ಷಗಳ ಹಿಂದಿನ ಮನುಷ್ಯರ ಹಲ್ಲುಗಳಲ್ಲಿ ಸಿಕ್ಕಿರುವ ಪ್ಲೇಗಿನ ಕ್ರಿಮಿಗೆ, ಚಿಗಟದ ಕರುಳಿನಲ್ಲಿ ಬದುಕಿ ಉಳಿಯಲು ಬೇಕಾದ ಒಂದು ವಂಶವಾಹಿ ಇನ್ನೂ ಬಂದಿರಲಿಲ್ಲ. ಪ್ಲಾಸ್ಮಿಡ್ ಎಂಬ, ಉಂಗುರದಂತೆ ಸುತ್ತಿಕೊಂಡ ಪುಟ್ಟ ಎಳೆಗಳಿವೆ; ಒಂದು ಕ್ರಿಮಿಯಿಂದ ಮತ್ತೊಂದಕ್ಕೆ ಅವು ಕೈಬದಲಾಗಬಲ್ಲುವು. ಅಂಥ ಉಂಗುರವೊಂದರ ಮೇಲೆ ಈ ವಂಶವಾಹಿಯು ಬಂದು ಸೇರಿದ ಮೇಲೆ, ಚಿಗಟ, ಇಲಿ, ಮನುಷ್ಯ ಎಂಬ ಸರಪಣಿಯು ಕೂಡಿಕೊಂಡಿತು. ಇಲ್ಲಿಯೂ ಆಯುಧವು ಎರವಲಿನದೇ. ನಮ್ಮ ಅಜ್ಜಂದಿರ ಕಾಲದಲ್ಲಿ ಮನೆಯಲ್ಲಿ ಇಲಿ ಬಿದ್ದಿತೆಂದರೆ ಊರಿಗೆ ಊರೇ ಹೊಲಗಳಲ್ಲಿ ಜೋಪಡಿ ಹಾಕಿಕೊಂಡು ಇರುತ್ತಿದ್ದುದರ ಮೂಲವನ್ನು ಹುಡುಕಿದರೆ ಆ ಪುಟ್ಟ ಉಂಗುರದವರೆಗೆ ಹೋಗಬೇಕಾಗುತ್ತದೆ.

ಸರ್ಕಾರವು ಹಾಫ್ಕಿನ್ನನನ್ನು ಅಕ್ಟೋಬರಿನಲ್ಲಿ ಮುಂಬಯಿಗೆ ಕರೆಸಿಕೊಂಡಿತು. ಗ್ರಾಂಟ್ ಮೆಡಿಕಲ್ ಕಾಲೇಜಿನ ಒಂದು ಕೋಣೆ, ಒಂದು ಮೊಗಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು, ಇಷ್ಟೇ ಸಾಮಗ್ರಿ. ಮಾಂಸದ ಸಾರಿನಲ್ಲಿ ಕ್ರಿಮಿಯನ್ನು ಬೆಳೆಯಿಸುವಾಗ ಮೇಲೆ ತುಪ್ಪದ ಹನಿಗಳನ್ನು ತೇಲಬಿಟ್ಟರೆ, ಅವುಗಳಿಂದ ಕ್ರಿಮಿಗಳು ಬಿಳಲುಗಳಂತೆ ಜೋತುಬಿದ್ದು ಹೇರಳವಾಗಿ ಬೆಳೆಯುವುದನ್ನು ಆತನು ಕಂಡುಕೊಂಡನು. ಹಿಂದೂಗಳಿಗೂ ಮುಸಲ್ಮಾನರಿಗೂ ಮನಸ್ಸು ನೋಯದಂತೆ ಮೇಕೆಯ ಮಾಂಸವನ್ನು ಬಳಸಿದನು. ಬೆಳೆದ ಕ್ರಿಮಿಗಳನ್ನು ಶಾಖದಿಂದ ಕೊಂದು ಮದ್ದು ತಯಾರಿಸಿದನು. ವಾಂತಿಭೇದಿಗೆ ಜೀವಂತವಾದ ತಳಿ. ಇಲ್ಲಿ ಸತ್ತ ಕ್ರಿಮಿ, ಏಕೆಂದರೆ ಪ್ಲೇಗಿನೊಡನೆ ಆಟವಾಡುವ ಹಾಗಿರಲಿಲ್ಲ. ರಾತ್ರಿಹಗಲೆನ್ನದೆ ದುಡಿದು ಮೂರು ತಿಂಗಳೊಳಗೆ ಕೆಲಸವನ್ನು ಮುಗಿಸಿ, ೧೮೯೭ರ ಜನವರಿ ೧೦ರಂದು, ಜನರಿಗೆ ಕೊಡಬೇಕೆಂದಿದ್ದುದಕ್ಕಿಂತ ಹೆಚ್ಚಿನ ಪ್ರಮಾಣವನ್ನು ತನಗೆ ಚುಚ್ಚಿಸಿಕೊಂಡನು. ಆ ತಿಂಗಳ ಕೊನೆಗೆ ಬೈಕುಲ್ಲಾ ಸೆರೆಮನೆಯಲ್ಲಿ ಪ್ಲೇಗು ಕಾಣಿಸಿಕೊಂಡಾಗ, ಒಪ್ಪಿ ಮುಂದೆ ಬಂದ ಕೈದಿಗಳಿಗೆ ಮದ್ದು ಹಾಕಲಾಯಿತು. ಹಾಕಿಸಿಕೊಂಡವರಲ್ಲಿ ರೋಗವೂ ಮರಣವೂ ಇತರರಲ್ಲಿದ್ದುದಕ್ಕಿಂತ ಬಹಳ ಕಡಮೆಯಾಗಿದ್ದುವು. ಆಗಾಖಾನರು ತಾವೂ ಚುಚ್ಚಿಸಿಕೊಂಡು ತಮ್ಮ ಖೋಜಾ ಸಮುದಾಯಕ್ಕೂ ಹೇಳಿದರು. ಪ್ರಯೋಗಶಾಲೆಗೆ ತಮ್ಮ ಬಂಗಲೆಯನ್ನೂ ಬಿಟ್ಟುಕೊಟ್ಟರು. ೧೮೯೯ರಲ್ಲಿ ಅದು ಪರೇಲಿಗೆ ಬಂದಿತು.

ಇದೇ ವರ್ಷಗಳಲ್ಲಿ ಆಂಗ್ಲ ಸರ್ಕಾರವು ಪ್ಲೇಗಿನ ಹೆಸರಿನಲ್ಲಿ ನಡೆಸಿದುದೇನೆಂಬುದನ್ನು ನಮ್ಮ ಓದುಗರಿಗೆ ಜ್ಞಾಪಿಸಬೇಕಾದುದಿಲ್ಲ. ೧೮೯೭ರ ಸಾಂಕ್ರಾಮಿಕ ರೋಗಗಳ ಕಾಯಿದೆ, ಪುಣೆಯ ಮನೆಗಳೊಳಕ್ಕೆ ನುಗ್ಗಿದ ಗೋರಾ ಸಿಪಾಯಿಗಳು, ಬೀದಿಗೆಸೆದ ದೇವರ ಪೆಟ್ಟಿಗೆಗಳು, ಹೆಂಗಸರ ಮೈತಪಾಸಣೆ, ಜೂನ್ ೨೨ರ ರಾತ್ರಿ ಚಾಪೇಕರ ಸಹೋದರರಿಂದ ರ‍್ಯಾಂಡನ ಕೊಲೆ, ತರುವಾಯ ಲೋಕಮಾನ್ಯ ತಿಲಕರಿಗೆ ರಾಜದ್ರೋಹದ ಆರೋಪದ ಮೇಲೆ ಸೆರೆಮನೆ. ಪ್ರಭುತ್ವದ ವೈದ್ಯರು ರೋಗವನ್ನು ಹಿಡಿಯುವುದಕ್ಕೆ ಬದಲಾಗಿ ರೋಗಿಗಳನ್ನು ಹಿಡಿಯುತ್ತಿದ್ದರು. ಹಾಫ್ಕಿನ್ನನ ಮಾರ್ಗವು ಬೇರೆ. ಜುಲುಮೆಯಿಂದ ಹಾಕಿದ ಮದ್ದು ಜನರನ್ನು ಮದ್ದಿನಿಂದಲೇ ದೂರ ಮಾಡುವುದೆಂದು ಆತನು ಬಲ್ಲನು. ಜಾರನ ಪೊಲೀಸರನ್ನು ಕಂಡಿದ್ದವನಿಗೆ ಈ ವಿವೇಕವು ಪುಸ್ತಕದಿಂದ ಬರಬೇಕಾಗಿರಲಿಲ್ಲ.

ನಮ್ಮ ನಾಡಿಗೂ ಈ ಮದ್ದು ಬೇಗನೆ ಬಂದಿತು. ೧೮೯೮ರಲ್ಲಿ ರೈಲ್ವೆಯ ದಾರಿ ಹಿಡಿದು ಪ್ಲೇಗು ಹುಬ್ಬಳ್ಳಿಗೆ ಬಂದಾಗ, ಲ್ಯೂಮನ್ ಎಂಬ ವೈದ್ಯನ ಮೇಲ್ವಿಚಾರಣೆಯಲ್ಲಿ ಕೆಲವು ತಿಂಗಳುಗಳೊಳಗೆ ಊರಿನ ಬಹುಪಾಲು ಜನರು, ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ, ಚುಚ್ಚಿಸಿಕೊಂಡರು. ಧಾರವಾಡ ಜಿಲ್ಲೆಯಲ್ಲಿ ಕಾರ್ಥಾರ್ನ್ ಎಂಬ ಸ್ತ್ರೀವೈದ್ಯೆಯು ಈ ಕೆಲಸದಲ್ಲಿ ದುಡಿದಳು. ಚುಚ್ಚಿಸಿಕೊಂಡವರಿಗೆ ಪ್ರತ್ಯೇಕವಾಸದ ಕಟ್ಟುಪಾಡಿನಿಂದ ವಿನಾಯಿತಿಯಿತ್ತಾದುದರಿಂದ, ಬಂದವರೆಲ್ಲರೂ ಕೇವಲ ನಂಬಿಕೆಯಿಂದಲೇ ಬಂದರೆಂದು ನಾವು ಹೇಳುವುದಿಲ್ಲ. ಶಿಬಿರದ ಭಯವೂ ಕೆಲವರನ್ನು ಸೂಜಿಯ ಬಳಿಗೆ ತಂದಿರಬೇಕು. ಆದರೂ ಒಂದು ಊರು ಒಟ್ಟಾಗಿ ತೋಳು ನೀಡಿದ ಇಂಥ ಉದಾಹರಣೆಯು ಅಂದು ಲೋಕದಲ್ಲಿ ವಿರಳವಾಗಿತ್ತು. ಅದೇ ವರ್ಷದ ಆಗಸ್ಟಿನಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿಯೇ ಪ್ಲೇಗು ಬೆಂಗಳೂರಿಗೆ ಹೋಯಿತು. ಅಲ್ಲಿ ಜನರು ಕೋಟೆ, ಪೇಟೆಗಳ ಇಕ್ಕಟ್ಟನ್ನು ಬಿಟ್ಟು ಮಲ್ಲೇಶ್ವರ, ಬಸವನಗುಡಿಗಳ ಹೊಸ ಬಡಾವಣೆಗಳಿಗೆ ಹೊರಟರು. ಪ್ಲೇಗಿನಮ್ಮನಿಗೆ ಗುಡಿಗಳೂ ಎದ್ದುವು.

ಈಗ ಆತನ ಬಾಳಿನ ಕರಾಳ ಭಾಗಕ್ಕೆ ಬರುತ್ತೇವೆ. ೧೯೦೨ರಲ್ಲಿ ಪಂಜಾಬಿನ ಸರ್ಕಾರವು ಲಕ್ಷಾಂತರ ಜನರಿಗೆ ಮದ್ದು ಹಾಕಲು ನಿಶ್ಚಯಿಸಿ ಪರೇಲಿನಿಂದ ಸೀಸೆಗಳನ್ನು ತರಿಸಿತು. ತ್ವರೆಯಾಗಿ ತಯಾರಿಸಬೇಕಾದುದರಿಂದ ಹಾಫ್ಕಿನ್ನನು ಕಾರ್ಬಾಲಿಕ್ ದ್ರಾವಕವನ್ನು ಸೇರಿಸುವುದನ್ನು ಬಿಟ್ಟು, ಶಾಖವನ್ನೇ ನೆಚ್ಚಿಕೊಂಡಿದ್ದನು. ಅಕ್ಟೋಬರ್ ೩೦ರಂದು ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ೧೦೭ ಜನರು ಚುಚ್ಚಿಸಿಕೊಂಡರು. ಒಂದು ವಾರದ ತರುವಾಯ ಅವರಲ್ಲಿ ಹತ್ತೊಂಬತ್ತು ಮಂದಿಗೆ ಧನುರ್ವಾಯು ಬಂದಿತು; ಹತ್ತೊಂಬತ್ತು ಮಂದಿಯೂ ಸತ್ತರು. ಅವರೆಲ್ಲರಿಗೂ ಮದ್ದು ಹೋದುದು ಒಂದೇ ಸೀಸೆಯಿಂದ. ಉಳಿದ ಸೀಸೆಗಳಿಂದ ಯಾರಿಗೂ ಏನೂ ಆಗಿರಲಿಲ್ಲ.

ಧನುರ್ವಾಯುವಿನ ಬೀಜಕಣಗಳು ಮಣ್ಣಿನಲ್ಲಿಯೂ ಸಗಣಿಯಲ್ಲಿಯೂ ಎಲ್ಲೆಲ್ಲಿಯೂ ಇರುವುವು. ಆತನ ಬಾಳಿನಲ್ಲಿ ಪ್ರವೇಶಿಸಿದ ಈ ಮೂರನೆಯ ಕ್ರಿಮಿಯ ವಿಷವೂ, ಈಗ ತಿಳಿದಿರುವಂತೆ, ಒಂದು ಪ್ಲಾಸ್ಮಿಡ್ ಉಂಗುರದ ಮೇಲೆಯೇ ಇರುವುದು. ಆ ಉಂಗುರವನ್ನು ಕಳೆದುಕೊಂಡ ತಳಿಗಳು ನಿರುಪದ್ರವಿಗಳು. ಮುಲ್ಕೋವಾಲಿನ ಸೀಸೆಗೆ ಉಂಗುರವುಳ್ಳ ಕ್ರಿಮಿಯೇ ಹೊಕ್ಕಿತು. ಪ್ರಶ್ನೆಯೊಂದೇ: ಹೊಕ್ಕುದು ಪರೇಲಿನಲ್ಲಿಯೋ ಮುಲ್ಕೋವಾಲಿನಲ್ಲಿಯೋ? ಮುಂಬಯಿಯ ಮುಖ್ಯ ನ್ಯಾಯಾಧೀಶ ಸರ್ ಲಾರೆನ್ಸ್ ಜೆಂಕಿನ್ಸನ ಅಧ್ಯಕ್ಷತೆಯಲ್ಲಿ ಕೂಡಿದ ಆಯೋಗವು, ಸೀಸೆಯ ಬಿರಡೆಯನ್ನು ತೆಗೆಯುವುದಕ್ಕೆ ಮುಂಚೆಯೇ ಅದು ಕೆಟ್ಟಿತ್ತೆಂದೂ, ಕಾರ್ಬಾಲಿಕ್ಕನ್ನು ಬಿಟ್ಟುದು ದುಡುಕೆಂದೂ ಅಭಿಪ್ರಾಯಪಟ್ಟಿತು. ಆದರೆ ಅಷ್ಟು ದಿನ ಮುಚ್ಚಿದ ಸೀಸೆಯಲ್ಲಿ ಧನುರ್ವಾಯುವಿನ ಕ್ರಿಮಿ ಬೆಳೆದಿದ್ದರೆ ತೆಗೆದೊಡನೆ ದುರ್ವಾಸನೆ ಹೊಡೆಯಬೇಕಾಗಿತ್ತು; ಅಂಥದು ಕಂಡುಬರಲಿಲ್ಲ. ಸೀಸೆಯನ್ನು ತೆಗೆಯುತ್ತಿದ್ದ ಸಹಾ ಯಕನ ಕೈಯಿಂದ ಚಿಮ್ಮಟವು ನೆಲಕ್ಕೆ ಬಿದ್ದುದೂ, ಅದನ್ನು ಸರಿಯಾಗಿ ಶುದ್ಧಮಾಡದೆ ಬಿರಡೆಯನ್ನು ಕಿತ್ತುದೂ ಸಾಕ್ಷ್ಯದಲ್ಲಿಯೇ ಇತ್ತು. ಈ ಸಾಕ್ಷ್ಯಕ್ಕೆ ಸಿಗಬೇಕಾದ ತೂಕವು ಸಿಗಲಿಲ್ಲ. ಹಾಫ್ಕಿನ್ನನು ಅಧಿಕಾರವನ್ನು ಕಳೆದುಕೊಂಡು ೧೯೦೪ರಲ್ಲಿ ದೇಶವನ್ನು ಬಿಡಬೇಕಾಯಿತು.

ಇಂದಿನ ವಿದ್ಯೆಯು ಅಂದು ಇದ್ದಿದ್ದರೆ, ಸತ್ತವರ ಗಾಯದ ಕ್ರಿಮಿಯನ್ನೂ ಆ ಹಳ್ಳಿಯ ಮಣ್ಣಿನ ಕ್ರಿಮಿಯನ್ನೂ ಪರೇಲಿನ ಧೂಳಿನ ಕ್ರಿಮಿಯನ್ನೂ ಹೋಲಿಸಿ ನೋಡಿ, ತಪ್ಪು ಯಾವ ಊರಿನದೆಂದು ಬಹುಶಃ ಕೆಲವು ವಾರಗಳಲ್ಲಿ ಹೇಳಬಹುದಾಗಿತ್ತು. ೨೦೧೦ರಲ್ಲಿ ಹೈಟಿ ದೇಶದಲ್ಲಿ ವಾಂತಿಭೇದಿಯು ಹಠಾತ್ತಾಗಿ ತೋರಿ ಸಹಸ್ರಾರು ಜನರನ್ನು ಕೊಂದಾಗ, ಅಲ್ಲಿಯ ತಳಿಯು ನೇಪಾಳದ ತಳಿಯೊಡನೆ ಹೆಚ್ಚುಕಡಮೆ ಅಕ್ಷರಶಃ ಹೊಂದುವುದೆಂದು ಮರುವರ್ಷವೇ ಗೊತ್ತಾಯಿತು. ನೇಪಾಳದಿಂದ ಬಂದಿದ್ದ ಶಾಂತಿಪಾಲಕ ಪಡೆಯ ಶಿಬಿರದ ಹೊಲಸು ನದಿಗೆ ಸೇರಿದುದೇ ಅದಕ್ಕೆ ಮೂಲ. ಅಷ್ಟು ಸ್ಪಷ್ಟವಾದ ಸಾಕ್ಷ್ಯವಿದ್ದರೂ ಸಂಯುಕ್ತ ರಾಷ್ಟ್ರಸಂಸ್ಥೆಯು ತನ್ನ ಪಾತ್ರವನ್ನು ಒಪ್ಪಿಕೊಂಡುದು ೨೦೧೬ರಲ್ಲಿ. ವಂಶಾವಳಿಯನ್ನು ಓದುವುದಕ್ಕಿಂತ ಅಧಿಕಾರಸ್ಥರಿಂದ ಒಪ್ಪಿಸುವುದಕ್ಕೆ ಹೆಚ್ಚು ಕಾಲ ಹಿಡಿಯಿತೆಂದಾಯಿತು.

ಹಾಫ್ಕಿನ್ನನಿಗೂ ಹಾಗೆಯೇ. ಲಂಡನಿನಲ್ಲಿ ಸರ್ಕಾರದ ಕದ ತಟ್ಟುತ್ತ ಆತನು ವರ್ಷಗಳನ್ನು ಕಳೆದನು. ಫ್ರಾನ್ಸಿನಲ್ಲಿ ನಿರಪರಾಧಿಯಾದ ಯೆಹೂದ್ಯ ಸೇನಾಧಿಕಾರಿ ಡ್ರೇಫಸನಿಗಾದ ಅನ್ಯಾಯಕ್ಕೆ ಇದನ್ನು ಹೋಲಿಸಿದವರುಂಟು. ಮಲೇರಿಯಾದ ರಹಸ್ಯವನ್ನು ಕಂಡುಹಿಡಿದ ರೊನಾಲ್ಡ್ ರಾಸನು ಈ ಪ್ರಕರಣವನ್ನೆತ್ತಿಕೊಂಡು, ಇತರ ಪ್ರಮುಖ ವಿಜ್ಞಾನಿಗಳೊಡನೆ ೧೯೦೭ರ ಜುಲೈಯಲ್ಲಿ ಲಂಡನಿನ ಟೈಮ್ಸ್ ಪತ್ರಿಕೆಗೆ ಬರೆದನು. ಆ ವರ್ಷದ ಕೊನೆಗೆ ಸರ್ಕಾರವು ಆರೋಪವನ್ನು ಬಿಟ್ಟುಕೊಟ್ಟಿತು. ಅಂದು ಇಂಡಿಯಾದಲ್ಲಿ ಪ್ಲೇಗು ಪರಾಕಾಷ್ಠೆಯಲ್ಲಿತ್ತು. ಆ ಒಂದೇ ವರ್ಷದಲ್ಲಿ ಸತ್ತವರು ೧೨ ಲಕ್ಷಕ್ಕೂ ಅಧಿಕ. ಮದ್ದನ್ನು ಕಂಡುಹಿಡಿದವನನ್ನು ದೂರವಿಡಲು ಸರ್ಕಾರಕ್ಕೆ ದೊರೆತ ಕಾಲವಿದು!

ಆತನು ಮರಳಿ ಬಂದನು. ಪರೇಲಿನ ಅಧಿಕಾರವನ್ನು ಕೊಡಲಿಲ್ಲ. ಕಲಕತ್ತೆಯಲ್ಲಿ ಸಣ್ಣದೊಂದು ಪ್ರಯೋಗಶಾಲೆಯನ್ನು ಕೊಟ್ಟರು. ಅಲ್ಲಿಂದ ಮುಂದೆ ಆತನ ಸಂಶೋಧನೆಯಲ್ಲಿ ಹಿಂದಿನ ತೇಜಸ್ಸು ಕಾಣಲಿಲ್ಲ. ಮೊದಲನೆಯ ಮಹಾಯುದ್ಧದ ಸುಮಾರಿಗೆ ನಿವೃತ್ತನಾಗಿ ಯೂರೋಪಿಗೆ ಹೋದನು. ಪರೇಲಿನ ಕಾರ್ಖಾನೆಯಾದರೋ ಆತನಿಲ್ಲದೆ ನಡೆಯುತ್ತಲೇ ಇತ್ತು. ೧೮೯೭ರಿಂದ ೧೯೨೫ರ ವರೆಗೆ ಅಲ್ಲಿಂದ ಹೊರಬಿದ್ದ ಪ್ಲೇಗಿನ ಮದ್ದು ಎರಡು ಕೋಟಿ ಅರವತ್ತು ಲಕ್ಷ ಪ್ರಮಾಣಗಳು. ೧೯೨೫ರಲ್ಲಿ ಸಂಸ್ಥೆಗೆ ಆತನ ಹೆಸರನ್ನಿಟ್ಟರು. ವಯಸ್ಸಾದ ಹಾಗೆ ಆತನು ತನ್ನ ಪೂರ್ವಿಕರ ಆಚಾರಗಳ ಕಡೆಗೆ ಹೆಚ್ಚು ತಿರುಗಿದನು. ಮದುವೆಯಾಗಲಿಲ್ಲ. ೧೯೩೦ರ ಅಕ್ಟೋಬರ್ ೨೬ರಂದು ಸ್ವಿಟ್ಜರ್ಲೆಂಡಿನ ಲೋಸಾನಿನಲ್ಲಿ ತೀರಿಕೊಂಡನು. ಉಳಿಸಿದ್ದ ಹಣವು ಪೂರ್ವ ಯೂರೋಪಿನ ಯೆಹೂದ್ಯ ಪಾಠಶಾಲೆಗಳಿಗೆ ಹೋಯಿತು.

ಆತನ ಪ್ಲೇಗಿನ ಮದ್ದು ಈಗ ಸಾಮಾನ್ಯ ಬಳಕೆಯಲ್ಲಿಲ್ಲ. ಅದರ ರಕ್ಷಣೆಯು ಕೆಲವು ತಿಂಗಳುಗಳಿಗೆ ಮಾತ್ರ ಸಾಲುತ್ತಿತ್ತು. ಶ್ವಾಸಕೋಶಕ್ಕೆ ಬರುವ ಪ್ಲೇಗಿಗೆ ಅಷ್ಟೂ ಸಾಲದು. ಸ್ಟ್ರೆಪ್ಟೋಮೈಸಿನ್ ಮೊದಲಾದ ಔಷಧಿಗಳು ಬಂದ ಮೇಲೆ ಪ್ಲೇಗು ಗುಣವಾಗುವ ರೋಗವಾಯಿತು, ೧೯೯೪ರಲ್ಲಿ ಸೂರತ್ತಿನಿಂದ ಲಕ್ಷಾಂತರ ಜನರು ಹಳೆಯ ಭಯದಿಂದಲೇ ಓಡಿದರೂ. ಆದರೆ ೧೮೯೮ರಲ್ಲಿ ಹಡಗು ಹತ್ತಿ ಮಡಗಾಸ್ಕರಿಗೆ ಹೋದ ಕೊಂಬೆಯು ಅಲ್ಲಿಯ ಗುಡ್ಡಗಾಡಿನ ಇಲಿಗಳಲ್ಲಿ ನೆಲೆಯೂರಿತು. ೧೯೯೫ರಲ್ಲಿ ಅಲ್ಲಿ ರೋಗಿಯೊಬ್ಬನಲ್ಲಿ ಸಿಕ್ಕಿದ ಕ್ರಿಮಿಯು ಸ್ಟ್ರೆಪ್ಟೋಮೈಸಿನ್ ಸೇರಿ ಹಲವು ಔಷಧಿಗಳಿಗೆ ಒಮ್ಮೆಲೇ ಬಗ್ಗದಾಯಿತು. ಪರೀಕ್ಷಿಸಿದಾಗ ಅದರಲ್ಲಿ ಹಿಂದೆಂದೂ ಕಾಣದ ಹೊಸ ಉಂಗುರವೊಂದಿತ್ತು. ಅದರ ದಾಯಾದಿ ಉಂಗುರಗಳು ಮೀನಿಗೆ ಬೇನೆ ತರುವ ಕ್ರಿಮಿಯಲ್ಲಿಯೂ, ಮಾಂಸದ ಅಂಗಡಿಗಳಲ್ಲಿ ಸಿಗುವ ಸಾಲ್ಮೊನೆಲ್ಲಾ ಕ್ರಿಮಿಯಲ್ಲಿಯೂ ಇರುವುದು ೨೦೦೭ರಲ್ಲಿ ಗೊತ್ತಾಯಿತು. ೨೦೧೭ರಲ್ಲಿ ಆ ದ್ವೀಪದಲ್ಲಿ ಪ್ಲೇಗು ಪಟ್ಟಣಗಳಿಗೇ ನುಗ್ಗಿ, ಎರಡು ಸಾವಿರಕ್ಕೂ ಮೇಲ್ಪಟ್ಟು ಜನರು ರೋಗಿಗಳೆಂದು ಲೆಕ್ಕಕ್ಕೆ ಬಂದು, ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಆ ಸಲ ಕ್ರಿಮಿಯು ಔಷಧಿಗೆ ಬಗ್ಗಿತು.